ನಿಮಗಿದು ಗೊತ್ತೆ? ಚೂರಿಯ ಪಾಠ ಶುರುವಾಗುವುದು ಕಾಲಿನಿಂದ

ಚೆನ್ನೈ ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತಂಜಾವೂರಿನ ಕಠಾರಿಗಳಿವೆ. ಅಡ್ಡಹಿಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ ಎರಡೂ ಬದಿಯ ಲೋಹದ ಪಟ್ಟಿಗಳು ಮುಂಗೈಯನ್ನು ಕಾಯುತ್ತವೆ. ಇರಿಯುವ ಆಯುಧದಲ್ಲೇ ರಕ್ಷಣೆಯೂ ಅಡಗಿದೆ. ತಮಿಳುನಾಡಿನ ಸಮರಕಲೆ ಸಿಲಂಬದಲ್ಲಿ ಬಳಸುವ, ಜಿಂಕೆಯ ಜೋಡಿ ಕೊಂಬಿನ ‘ಮಡುವು’ ಕೂಡ ತಿವಿಯುವಷ್ಟೇ ಚೆನ್ನಾಗಿ ಪೆಟ್ಟು ತಡೆಯುತ್ತದೆ. ಆದರೆ ಆಯುಧಕ್ಕಿಂತ ಮೊದಲು ಬರುವುದು ಹೆಜ್ಜೆ: 2019ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿದ ಇಂಡೊನೇಷ್ಯಾದ ಸಮರಕಲೆ ಪೆಂಚಾಕ್ ಸಿಲಾಟ್‌ನಲ್ಲೂ ಸಿಲಂಬದಂತೆಯೇ ಹೆಜ್ಜೆಗಾರಿಕೆಯೇ ತಳಪಾಯ.

ಚೂರಿವಿದ್ಯೆ ಕಲಿಸಿದರೆ ಹಿಂಸೆ ಹೆಚ್ಚದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಇರಿಯಲು ವಿದ್ಯೆ ಬೇಕಿಲ್ಲ, ತಪ್ಪಿಸಿಕೊಳ್ಳಲು ಬೇಕು. ಮೊಂಡು ಮರದ ಚೂರಿ ಹಿಡಿದು ಜೊತೆಗಾರನೊಂದಿಗೆ ಅಭ್ಯಾಸ ಮಾಡಿದವರಿಗೆ ಬರಿಗೈಯಲ್ಲಿ ಅಲಗು ಹಿಡಿಯುವ ಸಿನಿಮಾ ಸಾಹಸದ ಅಪಾಯ ಬೇಗ ಅರ್ಥವಾಗುತ್ತದೆ. ಮಗ್ಗುಲಿಗೆ ಸರಿದು ಅಂತರ ಕಾಯ್ದುಕೊಳ್ಳಬೇಕು, ದಾರಿಯಿದ್ದರೆ ಓಡಬೇಕು.