ಅಗಲಿಕೆಯ ರೂಪ ಮತ್ತು ಭಾವ: ಲಕ್ಷ್ಮೀಶನ ಸೀತಾಪರಿತ್ಯಾಗ

ಚೆನ್ನೈಯಲ್ಲಿ ಕನ್ನಡ ಕಾವ್ಯವನ್ನು ಅಭ್ಯಸಿಸುವ ನಮಗೆ ತಮಿಳಿನ ಸಂಗಂ ಕಾವ್ಯದ ಸಾಮೀಪ್ಯ ಸಹಜವಾದುದು. ಅಲ್ಲಿ ಅಗಲಿಕೆಗೆ ‘ಪಾಲೈ’ ಎಂಬ ತನ್ನದೇ ಆದ ನೆಲವಿದೆ. ಬೇಸಿಗೆಯ ನಡುಹಗಲಿನಲ್ಲಿ ಬೆಂದ ಆ ದಾರಿಯನ್ನು ನಾಯಕನು ಬಹುಮಟ್ಟಿಗೆ ಧನಾರ್ಜನೆಗಾಗಿ ಹಾಯ್ದು ಹೋಗುತ್ತಾನೆ. ನಾಯಿಕೆ ಮನೆಯಲ್ಲಿ ಉಳಿಯುತ್ತಾಳೆ. ಕನ್ನಡದ ಲಾಕ್ಷಣಿಕರು ಹೀಗೆ ಭಾವಕ್ಕೊಂದು ಭೂಭಾಗವನ್ನು ವಿಧಿಸಲಿಲ್ಲ. ಹಾಗಾದರೆ ನಮ್ಮ ಕವಿ ಅಗಲಿಕೆಯನ್ನು ಯಾವುದರ ಆಧಾರದಿಂದ ಕಟ್ಟುತ್ತಾನೆ? 16ನೆಯ ಶತಮಾನದವನೆಂದು ಸಾಮಾನ್ಯವಾಗಿ ಹೇಳಲಾಗುವ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸೀತಾಪರಿತ್ಯಾಗ ಪ್ರಸಂಗದಲ್ಲಿ ಇದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಭರತನ ನಾಟ್ಯಶಾಸ್ತ್ರದ ಪ್ರಕಾರ ವಿಪ್ರಲಂಭವು ಸಾಪೇಕ್ಷ, ಕರುಣವು ನಿರಪೇಕ್ಷ. ಮರಳಿ ಕೂಡುವ ಆಸೆ ಇರುವಲ್ಲಿ ಮೊದಲನೆಯದು, ಅದು ಅಳಿದಲ್ಲಿ ಎರಡನೆಯದು. ಸೀತೆಯ ಪ್ರಸಂಗದಲ್ಲಿ ಈ ವಿಭಜನೆ ಇಬ್ಬರು ವ್ಯಕ್ತಿಗಳ ನಡುವೆ ಹಂಚಿಹೋಗಿದೆ. ಋಷ್ಯಾಶ್ರಮಗಳನ್ನು ಕಾಣುವ ಬಯಕೆಯಿಂದ ಅವಳು ಸಂತೋಷವಾಗಿ ಹೊರಡುತ್ತಾಳೆ. ರಾಮನ ಆಜ್ಞೆ ಲಕ್ಷ್ಮಣನಿಗೆ ತಿಳಿದಿದೆ, ಅವಳಿಗೆ ತಿಳಿದಿಲ್ಲ. ಗಂಗೆಯನ್ನು ದಾಟಿ ಘೋರಾರಣ್ಯವನ್ನು ಹೊಕ್ಕಮೇಲೆ, ಆಶ್ರಮಗಳೆಲ್ಲಿ ಎಂದು ಅವಳು ಕೇಳುತ್ತಾಳೆ. ಕೇಳುವವಳಲ್ಲಿ ನಂಬಿಕೆ, ಉತ್ತರಿಸಬೇಕಾದವನಲ್ಲಿ ಸಂಕಟ: ತಿಳಿವಿನ ಈ ಅಂತರವೇ ಇಲ್ಲಿನ ಕರುಣದ ಮೂಲ.

ಇದಕ್ಕೆ ವಾರ್ಧಕ ಷಟ್ಪದಿಯ ರಚನೆ ಪೋಷಕವಾಗಿದೆ. 1, 2, 4, 5ನೆಯ ಪಾದಗಳಲ್ಲಿ ಐದು ಮಾತ್ರೆಯ 4 ಗಣಗಳು, ಅಂದರೆ 20 ಮಾತ್ರೆಗಳು. 3 ಮತ್ತು 6ನೆಯ ಪಾದಗಳಲ್ಲಿ ಅಂಥ 6 ಗಣಗಳು ಹಾಗೂ ಕೊನೆಗೊಂದು ಗುರು, ಅಂದರೆ 32 ಮಾತ್ರೆಗಳು. ಮೊಟಕು ಪಾದಗಳಲ್ಲಿ ಪ್ರಶ್ನೆಗಳು ಒಂದರ ಹಿಂದೊಂದು ಬರಲು ಎಡೆಯಿದೆ. ದೀರ್ಘಪಾದವು ಆ ವೇಗವನ್ನು ತಡೆದು, ಅಂತ್ಯಗುರುವಿನ ಮೇಲೆ ಉಸಿರು ತಂಗುವಂತೆ ಮಾಡುತ್ತದೆ. ಗಮಕಿಗಳ ವಾಚನವನ್ನು ಕೇಳಿದವರಿಗೆ ಇದು ಅನುಭವವೇದ್ಯ. ‘ಉಪಮಾಲೋಲ’ನೆಂಬ ಪ್ರಸಿದ್ಧಿಯಿಂದಾಗಿ ಲಕ್ಷ್ಮೀಶನನ್ನು ಅಲಂಕಾರಪ್ರಿಯನೆಂದಷ್ಟೇ ಅಳೆಯುವ ರೂಢಿಯುಂಟು. ಆದರೆ ಇಲ್ಲಿ ಭಾವವನ್ನು ಹೊತ್ತಿರುವುದು ಉಪಮೆಗಿಂತ ಹೆಚ್ಚಾಗಿ ಉತ್ತರದ ಈ ವಿಳಂಬ.

ಮತ್ತೆ ಪಾಲೈಯ ಕಡೆಗೆ ನೋಡೋಣ. ಅಲ್ಲಿ ಅಗಲುವವನು ಕಷ್ಟದ ದಾರಿ ಹಿಡಿಯುತ್ತಾನೆ, ಉಳಿದವಳಿಗೆ ಮನೆಯಿದೆ. ಇಲ್ಲಿ ಅಗಲುವವನು ಅಯೋಧ್ಯೆಗೆ ಮರಳುತ್ತಾನೆ, ತುಂಬು ಗರ್ಭಿಣಿ ಕಾಡಿನಲ್ಲಿ ಉಳಿಯುತ್ತಾಳೆ. ಅವಳ ಗೋಳಿಗೆ ಮರುಗುವವು ಅಲ್ಲಿನ ಮೃಗಪಕ್ಷಿಗಳು. ಅರಮನೆ ತೋರದ ದಯೆಯನ್ನು ಅರಣ್ಯ ತೋರುತ್ತದೆ. ರಾಮಭಕ್ತಿಗೆ ಕುಂದು ತಾರದೆ ರಾಜಧರ್ಮವನ್ನು ಪ್ರಶ್ನಿಸುವ ಕವಿಯ ರೀತಿ ಇದೆಂದು ನಾವು ಭಾವಿಸುತ್ತೇವೆ. ಈ ಪ್ರಸಂಗವನ್ನು ಕೇವಲ ಕಣ್ಣೀರಿನ ಕಥೆಯೆಂದು ಓದಿದರೆ ಆ ಪ್ರಶ್ನೆ ನಮಗೆ ಕೇಳಿಸದೆ ಹೋಗುತ್ತದೆ.