ಎಣ್ಣೆ ಕುಡಿಸಿದರೆ ಹಾಲಿನ ಜಿಡ್ಡು ಏರುವುದೇ? – ಪಿತ್ತರಸದ ಪಾತ್ರ

ನಾನು ಬೇಸಾಯಶಾಸ್ತ್ರದವನು. ತರಬೇತಿ ಶಿಬಿರಗಳಲ್ಲಿ ಬೆಳೆಗಳ ವಿಷಯ ಹೇಳಲು ಹೋದರೂ ಕೊಟ್ಟಿಗೆಯ ಪ್ರಶ್ನೆಯೊಂದು ಬಂದೇ ಬರುತ್ತದೆ: "ಡೇರಿಯಲ್ಲಿ ಜಿಡ್ಡು ಕಡಿಮೆ ಎಂದು ದರ ಇಳಿಸುತ್ತಾರೆ ಸಾರ್, ಹಸುವಿಗೆ ಕಡಲೆಕಾಯಿ ಎಣ್ಣೆ ಕುಡಿಸಬಹುದೇ?" ಇದಕ್ಕೆ ಉತ್ತರ ಬೇಕಾದರೆ ಜಿಡ್ಡು ಹೇಗೆ ಅರಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಬೇವಿನ ಎಣ್ಣೆ ಸಿಂಪಡಿಸಿದವರಿಗೆ ಇದು ಕಷ್ಟವಲ್ಲ. ಎಣ್ಣೆಯನ್ನು ಹಾಗೆಯೇ ನೀರಿಗೆ ಸುರಿದರೆ ಮೇಲೆ ತೇಲುತ್ತದೆ. ಸೋಪಿನ ದ್ರಾವಣ ಬೆರೆಸಿ ಕಲಕಿದರೆ ಸಣ್ಣ ಹನಿಗಳಾಗಿ ಒಡೆದು ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಕರುಳಿನಲ್ಲಿ ಆ ಸೋಪಿನ ಕೆಲಸ ಮಾಡುವುದೇ ಪಿತ್ತರಸ.

ಪಿತ್ತರಸವನ್ನು ತಯಾರಿಸುವುದು ಪಿತ್ತಜನಕಾಂಗ, ಕೂಡಿಡುವುದು ಪಿತ್ತಕೋಶ. (ಕುದುರೆಗೆ ಪಿತ್ತಕೋಶವೇ ಇಲ್ಲ, ಅದರ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ.) ಪಿತ್ತರಸವೇ ಜಿಡ್ಡನ್ನು ಅರಗಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅದು ಜಿಡ್ಡನ್ನು ಹನಿಹನಿಯಾಗಿ ಒಡೆಯುತ್ತದೆ, ಅಷ್ಟೆ. ಆ ಹನಿಗಳನ್ನು ಅರಗಿಸುವುದು ಮೇದೋಜೀರಕಾಂಗದಿಂದ ಬರುವ ಲೈಪೇಸ್ ಎಂಬ ಕಿಣ್ವ. ಅರಗಿದ ಜಿಡ್ಡಿನ ಅಂಶಗಳನ್ನು ಕರುಳಿನ ಗೋಡೆಯವರೆಗೆ ಸಾಗಿಸುವ ಕೆಲಸ ಮತ್ತೆ ಪಿತ್ತರಸದ ಲವಣಗಳದ್ದೇ. ಎ, ಡಿ, ಇ ಮತ್ತು ಕೆ ಜೀವಸತ್ವಗಳೂ ಇವುಗಳ ಜೊತೆಯಲ್ಲೇ ದೇಹ ಸೇರುತ್ತವೆ. ಕೆಲಸ ಮುಗಿದ ಮೇಲೆ ಈ ಲವಣಗಳು ಸಗಣಿಯ ಪಾಲಾಗುವುದಿಲ್ಲ. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಪಿತ್ತಜನಕಾಂಗಕ್ಕೆ ಮರಳುತ್ತವೆ. ಇಷ್ಟು ಮಿತವ್ಯಯ ನಮ್ಮ ಗೊಬ್ಬರದ ಬಳಕೆಯಲ್ಲೂ ಇದ್ದಿದ್ದರೆ!

ಇನ್ನು ಹಸುವಿನ ವಿಷಯ. ಪಿತ್ತರಸ ಸೇರುವುದು ನಾಲ್ಕು ಹೊಟ್ಟೆಗಳನ್ನೂ ದಾಟಿದ ಮೇಲೆ, ಸಣ್ಣ ಕರುಳಿನಲ್ಲಿ. ಎಣ್ಣೆ ಅಲ್ಲಿಗೆ ತಲುಪುವ ಮೊದಲೇ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಬೀಳುತ್ತದೆ. ಹುಲ್ಲಿನ ನಾರನ್ನು ಕೊಳೆಸಿ ಅರಗಿಸುವ ಸೂಕ್ಷ್ಮಜೀವಿಗಳು ಇರುವುದು ಅಲ್ಲೇ. ಹೆಚ್ಚಿನ ಎಣ್ಣೆ ಹುಲ್ಲಿಗೆ ಲೇಪವಾಗಿ ಅಂಟುತ್ತದೆ, ಈ ಜೀವಿಗಳನ್ನೂ ಕುಂದಿಸುತ್ತದೆ. ನಾರು ಅರಗಿದಾಗ ಹುಟ್ಟುವ ಅಸಿಟಿಕ್ ಆಮ್ಲವೇ ಹಾಲಿನ ಜಿಡ್ಡಿಗೆ ಮುಖ್ಯ ಕಚ್ಚಾವಸ್ತು. ಆದ್ದರಿಂದ ಎಣ್ಣೆ ಸುರಿದವನ ಹಸುವಿನ ಹಾಲಿನಲ್ಲಿ ಜಿಡ್ಡು ಏರುವ ಬದಲು ಇಳಿಯಬಹುದು. ಎಣ್ಣೆಯ ಹಣವೂ ಹೋಯಿತು, ಹಾಲಿನ ದರವೂ ಹೋಯಿತು. ಹೊಟ್ಟೆಯುಬ್ಬರಕ್ಕೆ ಪಶುವೈದ್ಯರು ಕುಡಿಸುವ ಎಣ್ಣೆಯ ಮಾತು ಬೇರೆ. ಅದು ನೊರೆ ಒಡೆಯಲು ಕೊಡುವ ಔಷಧಿ.

ಒಟ್ಟು ಒಣ ಆಹಾರದಲ್ಲಿ ಜಿಡ್ಡು ಶೇಕಡಾ 6ನ್ನು ಮೀರದಿರಲಿ. ಸಾಮಾನ್ಯ ಮೇವು, ಹಿಂಡಿಗಳಲ್ಲೇ ಸುಮಾರು ಶೇಕಡಾ 3 ಇರುತ್ತದೆ. ಅಂದರೆ ದಿನಕ್ಕೆ 10 ಕಿಲೋ ಒಣ ಆಹಾರ ತಿನ್ನುವ ಹಸುವಿಗೆ ಹತ್ತಿಬೀಜದಂಥ ಎಣ್ಣೆಕಾಳಿನಲ್ಲಿರುವ ಜಿಡ್ಡನ್ನೂ ಸೇರಿಸಿ 300 ಗ್ರಾಂ ಮೀರಿ ಹೆಚ್ಚುವರಿ ಕೊಡುವಂತಿಲ್ಲ. ರೂಮೆನ್‌ನಲ್ಲಿ ಕರಗದೆ ಮುಂದೆ ಹೋಗಿ ಅರಗುವ 'ಬೈಪಾಸ್ ಕೊಬ್ಬು' ಈಗ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹೆಚ್ಚು ಹಾಲು ಕೊಡುವ ಹಸುಗಳಿಗೆ ಮಾತ್ರ, ಪಶುವೈದ್ಯರನ್ನು ಕೇಳಿ ಬಳಸಿ.

ಜಿಡ್ಡು ಕಡಿಮೆ ಬಂದರೆ ಮೊದಲು ಹುಲ್ಲನ್ನು ನೋಡಿ. ಒಣಮೇವು ಸಾಕಷ್ಟಿದೆಯೇ, ಪುಡಿಯಾಗುವಷ್ಟು ಸಣ್ಣಗೆ ಕತ್ತರಿಸಿದ್ದೀರಾ? ಹಿಂಡುವಾಗ ಕೊನೆಗೆ ಬರುವ ಹಾಲಿನಲ್ಲೇ ಜಿಡ್ಡು ಅತಿ ಹೆಚ್ಚು. ಅದನ್ನು ಕರುವಿಗೆ ಬಿಟ್ಟು ಮೊದಲ ಹಾಲನ್ನು ಡೇರಿಗೆ ಕೊಂಡೊಯ್ದರೂ ಪರೀಕ್ಷೆಯಲ್ಲಿ ಅಂಕಿ ಇಳಿಯುತ್ತದೆ.