ತಂತ್ರಾಂಶ ನಿರ್ಮಾಣದ ಕರಾರುಗಳು: ಆಯ್ಕೆಯ ವಿಚಾರ

ಗಣಕಯಂತ್ರಕ್ಕೆ ಬೇಕಾದ ತಂತ್ರಾಂಶವನ್ನು ತಾವೇ ಬರೆದುಕೊಳ್ಳದೆ ಹೊರಗಿನವರಿಂದ ಬರೆಯಿಸಿಕೊಳ್ಳುವ ಪದ್ಧತಿಯು ಸರಕಾರದ ಇಲಾಖೆಗಳಿಂದ ಹಿಡಿದು ನಮ್ಮ ಕಾಲೇಜುಗಳವರೆಗೂ ಹಬ್ಬಿದೆ. ಕೆಲಸವನ್ನು ಯಾರಿಗೆ ಕೊಡಬೇಕೆಂಬ ಚರ್ಚೆ ಸಮಿತಿಗಳಲ್ಲಿ ಬೇಕಾದಷ್ಟು ನಡೆಯುತ್ತದೆ. ಯಾವ ಬಗೆಯ ಕರಾರಿನ ಮೇಲೆ ಕೊಡಬೇಕೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ತಂತ್ರಾಂಶವು ಹೊಸದಾದರೂ ಕರಾರು ಹಳೆಯದು. ‘ಗುತ್ತಗೆ’ ಎಂಬ ಶಬ್ದ ನಮ್ಮ ಶಾಸನಗಳಲ್ಲಿಯೇ ಬರುತ್ತದೆ. ಗೊತ್ತುಮಾಡಿದ ಮೊತ್ತಕ್ಕೆ ಭೂಮಿಯನ್ನು ವಹಿಸಿಕೊಡುವ ಪದ್ಧತಿಗೆ ಅಲ್ಲಿ ಆ ಹೆಸರಿದೆ.

ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಎರೆಭೂಮಿಯ ಊರಿನಲ್ಲಿ ರೈತನು ಎಲ್ಲ ಕೆಲಸಕ್ಕೂ ಒಂದೇ ರೀತಿಯಾಗಿ ಹಣ ಕೊಡುವುದಿಲ್ಲ. ಕಸ ತೆಗೆಯುವುದಕ್ಕೆ ದಿನಗೂಲಿ. ಹೊಲದಲ್ಲಿ ಕಸವೆಷ್ಟಿದೆಯೆಂಬುದು ಮುಂಚಿತವಾಗಿ ತಿಳಿಯದು, ಅವಸರಪಟ್ಟರೆ ಕಸದೊಡನೆ ಬೆಳೆಯೂ ಕಿತ್ತುಬರುತ್ತದೆ. ಕಡಲೆ ಕೀಳುವುದನ್ನು ಎಕರೆಗೆ ಇಷ್ಟೆಂದು ಗುತ್ತಿಗೆಗೆ ಕೊಡಬಹುದು. ಹೊಲದ ಅಳತೆ ಇಬ್ಬರಿಗೂ ಗೊತ್ತು. ಹತ್ತಿ ಬಿಡಿಸುವುದಕ್ಕೆ ತೂಕದ ಮೇಲೆ ಕೂಲಿ. ಒಂದೊಂದರಲ್ಲಿಯೂ ಅದಕ್ಕೆ ತಕ್ಕ ದೋಷ ಉಂಟು. ದಿನಗೂಲಿಯಲ್ಲಿ ಕೆಲಸ ನಿಧಾನವಾದೀತು. ಗುತ್ತಿಗೆಯಲ್ಲಿ ಕಾಯಿ ಉದುರಿ ಹೊಲದಲ್ಲಿಯೇ ಉಳಿದೀತು. ತೂಕದ ಕೂಲಿಯಲ್ಲಿ ಹತ್ತಿಯೊಡನೆ ಒಣಗಿದ ಎಲೆಯೂ ಚೀಲ ಸೇರೀತು. ಆದುದರಿಂದಲೇ ಕಸ ತೆಗೆಯುವಾಗ ಹೊಲದಲ್ಲಿ ನಿಲ್ಲುವ ಮಾಲಕನು ಹತ್ತಿ ಬಿಡಿಸುವಾಗ ತಕ್ಕಡಿಯ ಬಳಿ ನಿಲ್ಲುತ್ತಾನೆ.

ತಂತ್ರಾಂಶದ ಕರಾರುಗಳೂ ಮುಖ್ಯವಾಗಿ ಈ ಮೂರು ಬಗೆಯವೇ: ದುಡಿದ ತಾಸುಗಳಿಗೆ ಹಣ, ಇಡಿಯ ಕೆಲಸಕ್ಕೆ ನಿಶ್ಚಿತ ಬೆಲೆ, ನಡೆದ ವ್ಯವಹಾರಗಳ ಸಂಖ್ಯೆಗೆ ತಕ್ಕ ಹಣ. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲಾದ ಕಂಪನಿಗಳು ಆರಂಭದಲ್ಲಿ ಬಹುಮಟ್ಟಿಗೆ ಮೊದಲನೆಯ ಬಗೆಯನ್ನೇ ಅನುಸರಿಸಿದವು. ತಮ್ಮ ಇಂಜಿನಿಯರರನ್ನು ಅಮೇರಿಕೆಯ ಗಿರಾಕಿಯ ಕಚೇರಿಗೇ ಕಳಿಸಿ, ಅವರು ದುಡಿದ ಕಾಲಕ್ಕೆ ಹಣ ಪಡೆಯುತ್ತಿದ್ದವು. ಕೆಲಸವು ಗಿರಾಕಿಯ ಕಣ್ಣೆದುರಿಗೇ ನಡೆಯುತ್ತಿದ್ದುದರಿಂದ ಅದು ಸಾಗಿತು. 1991ರ ಆರ್ಥಿಕ ಸುಧಾರಣೆಗಳ ತರುವಾಯ ಕೆಲಸ ಹೆಚ್ಚುಹೆಚ್ಚಾಗಿ ಇಲ್ಲಿಯೇ ನಡೆಯತೊಡಗಿದಾಗ, ಕಣ್ಣಿಗೆ ಕಾಣದವರ ತಾಸುಗಳನ್ನು ಎಣಿಸುವುದಕ್ಕಿಂತ ಸಿದ್ಧವಾದ ವಸ್ತುವಿಗೆ ಬೆಲೆ ಕಟ್ಟುವ ಕರಾರುಗಳಿಗೂ ಅವಕಾಶವಾಯಿತು.

ನಿಶ್ಚಿತ ಬೆಲೆಯು ಹಣ ಕೊಡುವವರಿಗೆ ಬಹಳ ಪ್ರಿಯ. ವೆಚ್ಚ ಮೊದಲೇ ಗೊತ್ತಾಗುತ್ತದೆ. ಟೆಂಡರುಗಳನ್ನು ಹೋಲಿಸುವುದು ಸುಲಭ. ಲೆಕ್ಕತಪಾಸಣೆಯವರ ಆಕ್ಷೇಪದ ಭಯವೂ ಕಡಿಮೆ. (ಕಡೆಯ ಕಾರಣವೇ ಎಲ್ಲಕ್ಕೂ ಬಲವಾದುದೆಂದು ನಮಗೆ ತೋರುತ್ತದೆ.) ಆದರೆ ಕೆಲಸದ ಸ್ವರೂಪವೇ ಗೊತ್ತಿಲ್ಲದಿರುವಾಗ ಬೆಲೆಯನ್ನು ಗೊತ್ತುಮಾಡುವುದು ಹೇಗೆ? ಸರಕು ಮತ್ತು ಸೇವಾ ತೆರಿಗೆಯ ಗಣಕವ್ಯವಸ್ಥೆಯನ್ನು ಕಟ್ಟಿ ನಡೆಸುವ ಸುಮಾರು 1,380 ಕೋಟಿ ರೂಪಾಯಿಗಳ ಕೆಲಸ 2015ರಲ್ಲಿ ಇನ್ಫೋಸಿಸ್ ಕಂಪನಿಗೆ ದೊರೆಯಿತು. ಆ ತೆರಿಗೆಗೆ ಆಧಾರವಾದ ಸಂವಿಧಾನದ 101ನೆಯ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 2016ರ ಸೆಪ್ಟೆಂಬರಿನಲ್ಲಿ. ಕೇಂದ್ರದ ಕಾಯಿದೆಯಾದುದು 2017ರ ಏಪ್ರಿಲಿನಲ್ಲಿ. ತೆರಿಗೆ ಜಾರಿಗೆ ಬಂದುದು ಅದೇ ವರ್ಷದ ಜುಲೈ 1ರಂದು. ಎಂದರೆ ಕಾಯಿದೆಯ ಮಾತುಗಳು ಸಿದ್ಧವಾಗುವ ಮೊದಲೇ ಕೆಲಸಕ್ಕೆ ಬೆಲೆ ಬಿದ್ದಿತ್ತು. ಜಾರಿಯಾದ ಮೇಲೂ ವ್ಯಾಪಾರಿಗಳು ಸಲ್ಲಿಸಬೇಕಾಗಿದ್ದ ಎರಡನೆಯ ಮತ್ತು ಮೂರನೆಯ ನಮೂನೆಗಳನ್ನು ಆ ವರ್ಷ ಮುಗಿಯುವುದರೊಳಗೆ ತಡೆಹಿಡಿಯಬೇಕಾಯಿತು. ಇದು ಯಾರ ತಪ್ಪೆಂದು ನಿರ್ಣಯಿಸುವುದು ನಮ್ಮ ಉದ್ದೇಶವಲ್ಲ. ಇಂಥ ಕೆಲಸದಲ್ಲಿ ಪ್ರತಿಯೊಂದು ಬದಲಾವಣೆಯೂ ಕರಾರಿನ ಒಳಗಿನದೋ ಹೊರಗಿನದೋ ಎಂಬ ವಾದ ಹುಟ್ಟುವುದು ಸಹಜ. ಆ ವಾದಕ್ಕೆ ಅಂಜಿದ ಕಂಪನಿ ಮೊದಲೇ ಬೆಲೆಯನ್ನು ಏರಿಸಿ ಹೇಳುತ್ತದೆ. ಅಂಜದ ಕಂಪನಿ ಕಡಿಮೆ ಹೇಳಿ, ಕೆಲಸವನ್ನು ತೆಳುವಾಗಿಸುತ್ತದೆ. ಅರ್ಥ ನಿಶ್ಚಿತವಲ್ಲದ, ನಿಶ್ಚಯಿಸಲೂ ಬಾರದ ಒಪ್ಪಂದವು ಶೂನ್ಯವೆಂದು 1872ರ ಭಾರತೀಯ ಕರಾರು ಕಾಯಿದೆಯ 29ನೆಯ ಕಲಮು ಹೇಳುತ್ತದೆ. ವ್ಯಾಜ್ಯ ಅಷ್ಟು ದೂರ ಹೋಗದಿದ್ದರೂ ಕರಾರು ಬರೆಯುವವರು ಈ ಕಲಮನ್ನು ನೆನಪಿನಲ್ಲಿಡುವುದು ಒಳಿತು.

ಮೂರನೆಯ ಬಗೆಗೆ ಉದಾಹರಣೆ ನಮ್ಮ ಹುಬ್ಬಳ್ಳಿಯಲ್ಲಿಯೇ ಇದೆ. ಪಾಸ್‌ಪೋರ್ಟ್ ಸೇವಾ ಯೋಜನೆಯ ಕೆಲಸ 2008ರಲ್ಲಿ ಟಾಟಾ ಕನ್ಸಲ್ಟನ್ಸಿ ಸರ್ವಿಸಸ್ ಕಂಪನಿಗೆ ಬಂದಿತು. 2010ರಲ್ಲಿ ಪ್ರಾಯೋಗಿಕವಾಗಿ ತೆರೆದ ಕೇಂದ್ರಗಳಲ್ಲಿ ಬೆಂಗಳೂರು, ಮಂಗಳೂರುಗಳೊಡನೆ ಹುಬ್ಬಳ್ಳಿಯದೂ ಒಂದು. ಇಲ್ಲಿ ಕಂಪನಿಗೆ ಹಣ ಸಲ್ಲುವುದು ಅರ್ಜಿಗಳ ಲೆಕ್ಕದ ಮೇಲೆ. ಪಾಸ್‌ಪೋರ್ಟಿನ ಅರ್ಜಿ ಎಣಿಕೆಗೆ ಸಿಗುವ, ಬಹುಕಾಲದಿಂದ ಪರಿಚಿತವಾದ ವಸ್ತು. ಅದನ್ನು ಮಂಜೂರು ಮಾಡುವ ಅಧಿಕಾರವಾದರೋ ಸರಕಾರಿ ಅಧಿಕಾರಿಗಳಲ್ಲಿಯೇ ಉಳಿಯಿತು; ತಕ್ಕಡಿ ಕೈಬಿಟ್ಟುಹೋಗಲಿಲ್ಲ.

ಕಾಲೇಜಿನ ಪ್ರವೇಶ, ಪರೀಕ್ಷೆ, ಗ್ರಂಥಾಲಯಗಳ ತಂತ್ರಾಂಶಕ್ಕೆ ಮೂರರಲ್ಲಿ ಒಂದನ್ನೇ ಆರಿಸಬೇಕೆಂಬ ನಿರ್ಬಂಧವೇನೂ ಇಲ್ಲ. ನಮಗೆ ಏನು ಬೇಕೆಂಬುದು ಸ್ಪಷ್ಟವಾಗುವವರೆಗೆ ಕೆಲವು ವಾರಗಳ ಕೆಲಸವನ್ನು ತಾಸಿನ ಲೆಕ್ಕಕ್ಕೆ, ಗರಿಷ್ಠ ಮೊತ್ತವನ್ನು ಗೊತ್ತುಮಾಡಿ, ಕೊಡುವುದು. ಆ ಮೇಲೆ ಗ್ರಂಥಾಲಯದಂಥ ಪರಿಚಿತ ಭಾಗಕ್ಕೆ ನಿಶ್ಚಿತ ಬೆಲೆ ಕಟ್ಟುವುದು. ವಿಶ್ವವಿದ್ಯಾಲಯದ ನಿಯಮಗಳೊಡನೆ ವರ್ಷವರ್ಷವೂ ಬದಲಾಗುವ ಪರೀಕ್ಷೆಯ ಭಾಗಕ್ಕೆ ತಾಸಿನ ದರವನ್ನೇ ಮುಂದುವರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆದರೆ ತಾಸಿನ ಲೆಕ್ಕದಲ್ಲಿ ಹೊಲದಲ್ಲಿ ನಿಲ್ಲುವವರು ಬೇಕು. ವಾರಕ್ಕೊಮ್ಮೆಯಾದರೂ ಕೆಲಸವನ್ನು ನೋಡಿ ಪ್ರಶ್ನಿಸಬಲ್ಲ ಒಬ್ಬ ಅಧ್ಯಾಪಕರಿಗೆ ಬಿಡುವು ಕೊಡಲಾಗದ ಕಾಲೇಜು ಆ ಬಗೆಯನ್ನು ಹಿಡಿಯಬಾರದು.

ಇನ್ನೊಂದು ವಿಷಯದಲ್ಲಿ ಹೊಲದ ಹೋಲಿಕೆ ನಿಲ್ಲುವುದಿಲ್ಲ. ಗುತ್ತಿಗೆಯವರು ಕಡಲೆ ಕಿತ್ತುಹೋದ ಮೇಲೆ ಹೊಲವೂ ಕಾಳೂ ರೈತನವೇ. ತಂತ್ರಾಂಶದ ಕೃತಿಸ್ವಾಮ್ಯವಾದರೋ, 1957ರ ಕಾಯಿದೆಯಂತೆ, ಲಿಖಿತವಾಗಿ ಹಸ್ತಾಂತರವಾಗದಿದ್ದರೆ ಸಾಮಾನ್ಯವಾಗಿ ಬರೆದುಕೊಟ್ಟ ಕಂಪನಿಯಲ್ಲಿಯೇ ಉಳಿಯುತ್ತದೆ. ಕರಾರು ಯಾವ ಬಗೆಯದಾದರೂ ಹಸ್ತಾಂತರದ ವಾಕ್ಯವನ್ನೂ, ತಂತ್ರಾಂಶದ ಮೂಲಪಾಠವನ್ನು ಒಪ್ಪಿಸಬೇಕಾದ ದಿನವನ್ನೂ ಅದರಲ್ಲಿ ಬರೆಯಿಸಿ, ಕಡೆಯ ಕಂತಿನ ಹಣವನ್ನು ಆ ದಿನದವರೆಗೆ ತಡೆದಿಟ್ಟುಕೊಳ್ಳತಕ್ಕದ್ದು.